ಗೇಟು ಮೊದಲೋ, ಗಾಡಿ ಮೊದಲೋ?

ಕಳೆದ ತಿಂಗಳು ಈ ಪುಟದಲ್ಲಿ ಬಾವಿಯ ರಾಟೆ ಮತ್ತು ಹಗ್ಗಗಳ ರಕ್ಷಣೆಯ ವಿಷಯವಾಗಿ ನಾವು ಬರೆದುದನ್ನು ಓದಿ ಕೆಲವು ಮಂದಿ ವಾಚಕ ಮಹಾಶಯರು ಕಾಗದ ಬರೆದಿರುವರು. ಅವುಗಳಲ್ಲಿ ಒಂದು ಕಾಗದವು ರಾಟೆಗೆ ಸಂಬಂಧಿಸಿದುದಲ್ಲ, ರೈಲಿಗೆ ಸಂಬಂಧಿಸಿದುದು. ಬರೆದವರು ಇಬ್ಬರು ಮಕ್ಕಳ ತಂದೆ. ಮನೆಯಲ್ಲಿ ಆಟದ ರೈಲೊಂದನ್ನು ಹಲಗೆಯ ಮೇಲೆ ಸ್ಥಿರವಾಗಿ ಹೂಡಿರುವರಂತೆ. ಹಳಿಯುಂಟು, ನಿಲ್ದಾಣವುಂಟು, ಕಾಗದದ ಗುಡ್ಡಕ್ಕೆ ಕೊರೆದ ಸುರಂಗವೂ ಉಂಟು. ಆದರೆ ರಸ್ತೆಯು ಹಳಿಯನ್ನು ಅಡ್ಡವಾಗಿ ದಾಟುವ ಕಡೆ ಗೇಟಿಲ್ಲದೆ ಬರಿದಾಗಿರುವುದು ಮಕ್ಕಳ ಕಣ್ಣಿಗೆ ದೊಡ್ಡ ಕೊರತೆಯಾಗಿ ಕಾಣುವುದಂತೆ. “ನಿಜವಾಗಿ ಏಳುವ, ಬೀಳುವ ಗೇಟನ್ನು ಮನೆಯಲ್ಲಿಯೇ ಮಾಡುವ ಬಗೆ ಹೇಗೆ? ಇದನ್ನೂ ಮಾಷ್ಟ್ರಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು” ಎಂದು ಸಂಕೋಚಪಟ್ಟಿರುವರು.

ಸಂಕೋಚಕ್ಕೆ ಕಾರಣವಿಲ್ಲ. ಬೇಸಗೆಯ ರಜೆಯಲ್ಲಿ ಮುಂಬಯಿಯಿಂದ ಬರುವ ನಮ್ಮ ಮಗಳ ಮಗನೊಡನೆ ನಮ್ಮ ಮನೆಯ ಉಪ್ಪರಿಗೆಯಲ್ಲಿ ಇದೇ ಕೆಲಸವನ್ನು ಮೂರು ವಾರಗಳ ಕಾಲ ಮಾಡಿದವರು ನಾವು. ಆಟದ ರೈಲೆಂದರೆ ಮಕ್ಕಳಾಟವೆಂದು ಮೂಗುಮುರಿಯುವವರು ಪುಣೆಗೆ ಹೋದಾಗ ಜೋಶಿಯವರು 1998ರಲ್ಲಿ ತೆರೆದ ಕಿರುರೈಲುಗಳ ಸಂಗ್ರಹಾಲಯವನ್ನೊಮ್ಮೆ ನೋಡಿ ಬರಲಿ, ಮತ್ತೆ ಮಾತನಾಡೋಣ. ಆದರೆ ಮೂಲವನ್ನು ಅರಿಯದೆ ಪ್ರತಿಕೃತಿಯನ್ನು ಮಾಡಹೊರಟರೆ ಬೊಂಬೆಗೆ ಕಣ್ಣಿಟ್ಟಂತಾಗುವುದೇ ಹೊರತು ದೃಷ್ಟಿಯನ್ನು ಕೊಟ್ಟಂತಾಗದು. ಆದುದರಿಂದ ಮೊದಲು ನಿಜವಾದ ಗೇಟಿನ ವಿಷಯ.

ನಮ್ಮ ಶಿರ್ವಕ್ಕೂ ರೈಲಿಗೂ ಬಹು ಹಳೆಯ ನಂಟೇನೂ ಇಲ್ಲ. ತೆಂಕಣಿಂದ ಹಳಿಯು ಬಂದು ಮಂಗಳೂರನ್ನು ಮುಟ್ಟಿದುದು 1907ರಲ್ಲಿ. ಅಲ್ಲಿಂದ ಬಡಗಲಾಗಿ ಉಡುಪಿಗೆ ಗಾಡಿಯು ಬರಬೇಕಾದರೆ 1993ನೆಯ ಇಸವಿಯ ಮಾರ್ಚಿ ತಿಂಗಳವರೆಗೆ, ಎಂದರೆ ಎಂಬತ್ತಾರು ವರ್ಷಗಳವರೆಗೆ ಕಾಯಬೇಕಾಯಿತು. 1998ರ ಜನವರಿಯಲ್ಲಿ ಕೊಂಕಣ ರೈಲುದಾರಿಯು ರೋಹದವರೆಗೂ ತೆರೆದ ಮೇಲೆ ಮುಂಬಯಿಯಲ್ಲಿ ದುಡಿಯುವ ನಮ್ಮೂರ ಮಕ್ಕಳಿಗೆ ಊರು ಹತ್ತಿರವಾಯಿತು. ಅದೇ ವರ್ಷ ಹೊರಟ ಗಾಡಿಗೆ ಮತ್ಸ್ಯಗಂಧಾ ಎಂದು ವ್ಯಾಸರ ತಾಯಿಯ ಹೆಸರನ್ನಿಟ್ಟವರು ಯಾರೋ ನಾವರಿಯೆವು. ಕಡಲತಡಿಯ ಗಾಡಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು. ಈಗ ರಾತ್ರಿ ಗಾಳಿಯು ಪಡುವಣಿಂದ ಬೀಸಿದರೆ ಇನ್ನಂಜೆಯ ಕಡೆಯಿಂದ ಗಾಡಿಯ ಕೂಗು ನಮ್ಮ ಜಗಲಿಯವರೆಗೂ ಕೇಳಿಬರುವುದುಂಟು.

ಈ ಹೊಸ ದಾರಿಯನ್ನು ಕಟ್ಟುವಾಗ ರಸ್ತೆಗಳನ್ನು ಹೆಚ್ಚಾಗಿ ಹಳಿಯ ಮೇಲಿನಿಂದಲೋ ಕೆಳಗಿನಿಂದಲೋ ಸೇತುವೆಯ ಮೂಲಕ ದಾಟಿಸಿರುವುದರಿಂದ ನಮ್ಮ ಸುತ್ತಿನಲ್ಲಿ ಗೇಟುಗಳು ವಿರಳ. ಗೇಟೆಂದರೇನೆಂದು ಬಲ್ಲವರು ಮಂಗಳೂರಿನವರು. ಪಾಂಡೇಶ್ವರದಲ್ಲಿಯೂ ಜೆಪ್ಪು ಮಹಾಕಾಳಿಪಡ್ಪಿನಲ್ಲಿಯೂ ಬಿಸಿಲಿನಲ್ಲಿ ಕಾದು ನಿಂತವರಿಗೆ “ಗೇಟು ಬಿತ್ತು” ಎಂಬ ಎರಡು ಶಬ್ದಗಳ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವವನೂ ಕಚೇರಿಗೆ ಹೋಗುವವನೂ ಮೀನಿನ ಬುಟ್ಟಿ ಹೊತ್ತವಳೂ ಆ ಪಟ್ಟೆಬಳಿದ ದಂಡದೆದುರು ಸಮಾನರು.

ಹಾಗೆ ನಿಂತವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಎಣಿಸಿಕೊಂಡಿರುವುದು ಹೀಗೆ: ಗಾಡಿ ಬರುತ್ತದೆ, ಆದುದರಿಂದ ಗೇಟನ್ನು ಹಾಕಿದ್ದಾರೆ. ಗಾಡಿಯು ಕಾರಣ, ಗೇಟು ಕಾರ್ಯ. ಬಾಲ್ಯದಲ್ಲಿ ತರ್ಕಸಂಗ್ರಹವನ್ನು ಉರುಹೊಡೆದ ನಾವೂ ಬಹುಕಾಲ ಇದನ್ನು ವಿಚಾರಿಸಿ ನೋಡಿರಲಿಲ್ಲ. ಸರಿಯಾಗಿ ಏರ್ಪಡಿಸಿದ ಗೇಟಿನಲ್ಲಿ ಸಂಗತಿಯು ತಿರುಗುಮುರುಗಾಗಿದೆ. ಗೇಟು ಬಿದ್ದಿದೆ, ಆದುದರಿಂದ ಗಾಡಿ ಬರುತ್ತದೆ. ಬೀಜ ಮೊದಲೋ ಮರ ಮೊದಲೋ ಎಂದು ಪಂಡಿತರು ಬೇಕಾದಷ್ಟು ದಿನ ಜಗಳಾಡಲಿ. ಇಲ್ಲಿ ಮಾತ್ರ ಬೀಜಾಂಕುರ ನ್ಯಾಯಕ್ಕೆ ಎಡೆಯೇ ಇಲ್ಲ.

ಅದರ ಕ್ರಮವನ್ನು ವಿವರಿಸುತ್ತೇವೆ. ಪಕ್ಕದ ನಿಲ್ದಾಣದ ಸ್ಟೇಷನ್ ಮಾಸ್ತರರು ಗೇಟಿನವನಿಗೆ ಟೆಲಿಫೋನಿನ ಮೂಲಕ ತಿಳಿಸುವರು. ಮಾತು ಮರೆಯಾಗದಂತೆ ಒಬ್ಬರಿಗೊಬ್ಬರು ಒಂದು ಗುಪ್ತಸಂಖ್ಯೆಯನ್ನು ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುವರು. ಗೇಟಿನವನು ತಿರುಗಣೆಯ ಹಿಡಿಯನ್ನು ತಿರುಗಿಸಿ ಎರಡೂ ಕಡೆಯ ಅಡ್ಡದಂಡಗಳನ್ನು ಇಳಿಸಿ ಬೀಗ ಹಾಕುವನು. ಬೀಗವು ಪೂರ್ತಿಯಾಗಿ ಬಿದ್ದಮೇಲೆ ಮಾತ್ರ ಬೀಗದಕೈ ಹೊರಕ್ಕೆ ಬರುವುದು. ಆ ಬೀಗದಕೈಯನ್ನು ತಂದು ಸಿಗ್ನಲಿನ ಸನ್ನೆಗೋಲಿಗೆ ತೊಡಿಸಿದ ಹೊರತು ಸನ್ನೆಗೋಲು ಅಲುಗದು, ಸಿಗ್ನಲು ಕೆಂಪನ್ನು ಬಿಡದು. ಒಮ್ಮೆ ಸಿಗ್ನಲು ಬಿಟ್ಟಮೇಲೆ ಬೀಗದಕೈ ಅಲ್ಲಿಯೇ ಸೆರೆ. ಸಿಗ್ನಲನ್ನು ಮರಳಿ ಕೆಂಪಿಗೆ ತಂದಲ್ಲದೆ ಅದು ಗೇಟಿನ ಬೀಗಕ್ಕೆ ಹಿಂದಿರುಗದು. ಈಚೆಗೆ ಈ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಕಡೆಗಳು ಹೆಚ್ಚಾಗಿವೆ, ಆದರೆ ತತ್ತ್ವವು ಅದೇ. ಹಿಂದಿನ ಮನೆಗಳಲ್ಲಿ ಅತ್ತೆಯ ಸೊಂಟದಲ್ಲಿ ಪತ್ತಾಯದ ಬೀಗದಕೈ ಒಂದೇ ಒಂದಿರುತ್ತಿತ್ತು. ಅದು ಸೊಂಟದಲ್ಲಿದ್ದರೆ ಪತ್ತಾಯವು ಮುಚ್ಚಿದೆಯೆಂದು ಕಣ್ಣುಮುಚ್ಚಿ ಹೇಳಬಹುದಾಗಿತ್ತು. ಬೀಗದಕೈ ಒಂದೇ, ಅದು ಏಕಕಾಲದಲ್ಲಿ ಎರಡು ಕಡೆ ಇರಲಾರದು. ಶಾಸ್ತ್ರವೆಲ್ಲ ನಿಂತಿರುವುದು ಇದರ ಮೇಲೆ.

ಗೇಟಿನ ಸಿಗ್ನಲಿನ ಕಂಬಕ್ಕೆ ಹಳದಿ ತಟ್ಟೆಯಲ್ಲಿ ಕಪ್ಪಗೆ ‘ಜಿ’ ಎಂಬ ಇಂಗ್ಲಿಷ್ ಅಕ್ಷರವಿರುವುದನ್ನು ಗಾಡಿಯ ಕಿಟಕಿಯಿಂದ ನೋಡಿದವರುಂಟು. ಆ ಸಿಗ್ನಲು ಕೆಂಪಾಗಿದ್ದರೆ ಚಾಲಕನು ನಿಂತು, ಕೂಗು ಹಾಕಿ, ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾಯಬೇಕು. ಆಮೇಲೆ ಮೆಲ್ಲಗೆ ಗೇಟಿನವರೆಗೆ ಬಂದು, ಗೇಟು ಹಾಕಿದೆಯೆಂಬುದನ್ನು ಕಂಡು, ಗೇಟಿನವನಾಗಲಿ ಅವನಿಲ್ಲದಿದ್ದರೆ ಗಾಡಿಯ ಸಿಬ್ಬಂದಿಯಲ್ಲೊಬ್ಬನಾಗಲಿ ಕೈಸನ್ನೆ ಮಾಡಿದ ಮೇಲೆ ದಾಟಬೇಕು. ನೂರಾರು ಟನ್ನಿನ ಗಾಡಿಯು ಒಂದು ಪಟ್ಟೆದಂಡಕ್ಕೆ ತಲೆಬಾಗಬೇಕೆಂಬ ಈ ನಿಯಮವು ನಮಗೆ ಬಹಳ ಹಿಡಿಸಿತು. ರಸ್ತೆಯವರಿಗೂ ಕಾನೂನುಗಳಿವೆ. ಇಂಗ್ಲೆಂಡಿನಲ್ಲಿ 1839ರಲ್ಲಿಯೇ ರೈಲು ಮಂಡಲಿಗಳು ಇಂಥಲ್ಲಿ ಗೇಟನ್ನೂ ಅದಕ್ಕೊಬ್ಬ ಯೋಗ್ಯ ಮನುಷ್ಯನನ್ನೂ ಇಡತಕ್ಕದ್ದೆಂದು ವಿಧಿಸಿದರು; ನಮ್ಮಲ್ಲಿ 1989ರ ರೈಲ್ವೆ ಅಧಿನಿಯಮದ 160ನೆಯ ಕಲಮಿನಂತೆ ಹಾಕಿದ ಗೇಟನ್ನು ಅಧಿಕಾರವಿಲ್ಲದೆ ತೆರೆದವನಿಗೆ ಸೆರೆಮನೆಯುಂಟು. ದಂಡದಡಿಯಲ್ಲಿ ಮೋಟರು ಸೈಕಲನ್ನು ವಾಲಿಸಿ ನುಸುಳುವ ನಮ್ಮ ತರುಣರು ಇದನ್ನು ಓದಿದಂತಿಲ್ಲ.

ಇನ್ನು ಉಪ್ಪರಿಗೆಗೆ ಬರೋಣ.

ನಮ್ಮ ಹಲಗೆಯು ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಇಡೀ ಪ್ಲೈವುಡ್ಡು. ಅದರ ಮೇಲೆ ಎಚ್‌ಓ ಎಂಬ ಅಳತೆಯ ಹಳಿ ಮೊಟ್ಟೆಯಾಕಾರವಾಗಿ ಸುತ್ತಿದೆ. ಎಚ್‌ಓ ಎಂದರೆ ನಿಜವಾದುದರ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರವು 16.5 ಮಿಲಿಮೀಟರು. ನಮ್ಮ ದೇಶದ ಅಗಲ ಹಳಿಯು 1676 ಮಿಲಿಮೀಟರಾದುದರಿಂದ ಲೆಕ್ಕಕ್ಕೆ ಹತ್ತೊಂಬತ್ತು ಮಿಲಿಮೀಟರಿಗಿಂತ ತುಸು ಹೆಚ್ಚಿರಬೇಕಾಗಿತ್ತು. ಅಂಗಡಿಯ ಹಳಿಯು ಯುರೋಪಿನ 1435 ಮಿಲಿಮೀಟರಿಗೆ ಸರಿಹೊಂದುವಂಥದು. ಈ ದೋಷವನ್ನು ಹಿಡಿದು ಆಕ್ಷೇಪಿಸುವ ಪಂಡಿತರಿರಬಹುದು, ಮಕ್ಕಳಂತೂ ಆಕ್ಷೇಪಿಸಲಾರರು. ಇಂಜಿನಿಗೆ ಬೇಕಾದ 12 ವೋಲ್ಟಿನ ಏಕಮುಖ ವಿದ್ಯುತ್ತು ಒಂದು ಹಳಿಯಿಂದ ಹತ್ತಿ ಇನ್ನೊಂದರಿಂದ ಇಳಿಯುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಮೊಮ್ಮಗನು ಹನ್ನೆರಡು ವರ್ಷದವನು. ಮುಂಬಯಿಯ ಶಾಲೆಯಲ್ಲಿ ಆರ್ಡುಯಿನೊ ಎಂಬ ಚಿಕ್ಕ ಗಣಕಫಲಕವನ್ನು ಆಡಿಸಲು ಕಲಿತವನು. ಗೇಟಿನ ಉಪಾಯವನ್ನು ಅವನು ಬರುವಾಗಲೇ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದನು. ಹಳಿಯ ಬದಿಯಲ್ಲಿ ಕಣ್ಣಿಗೆ ಕಾಣದ ಕೆಂಬೆಳಕಿನ ಒಂದು ಕಿರಣ. ಇಂಜಿನು ಅದನ್ನು ಕಡಿದೊಡನೆ ಹೆಬ್ಬೆರಳಿನಷ್ಟಿರುವ ಸರ್ವೊ ಮೋಟಾರು ತಿರುಗಿ ದಂಡವನ್ನು ಇಳಿಸುವುದು. ಗಾಡಿಯು ದಾಟಿದಮೇಲೆ ಎತ್ತುವುದು. “ಅಜ್ಜ, ನಾವು ಮುಟ್ಟಲಿಕ್ಕೇ ಇಲ್ಲ, ಎಲ್ಲ ಅದರಷ್ಟಕ್ಕೆ ಆಗ್ತದೆ” ಎಂದನು. ಪುಸ್ತಕಗಳಲ್ಲಿಯೂ ಅಂಗಡಿಯ ಪೆಟ್ಟಿಗೆಗಳಲ್ಲಿಯೂ ಇರುವ ಕ್ರಮವೂ ಇದೇ. ನಾವು ಅಡ್ಡಿಮಾಡಲಿಲ್ಲ. ಮೂರು ದಿನಗಳಲ್ಲಿ ಗೇಟು ಏರಿತು, ಇಳಿಯಿತು. ನೆರೆಮನೆಯ ಮಕ್ಕಳು ಬಂದು ನೋಡಿ ಚಪ್ಪಾಳೆ ತಟ್ಟಿದರು.

ನಾವು ಸುಮ್ಮನೆ ಕುಳಿತು ಲೆಕ್ಕ ಹಾಕಿದೆವು. ಆಟದ ಗಾಡಿಯು ಸೆಕೆಂಡಿಗೆ 30 ಸೆಂಟಿಮೀಟರು ಓಡಿದರೆ ಅದು ನಿಜವಾದ ಗಾಡಿಯ ಗಂಟೆಗೆ 94 ಕಿಲೋಮೀಟರಿಗೆ ಸಮ. ದಂಡವು ಗೌರವದಿಂದ ಇಳಿಯಲು ಐದು ಸೆಕೆಂಡು, ಅದಕ್ಕೆ ಮೊದಲು ಗಂಟೆಬಾರಿಸಿ ಎಚ್ಚರಿಸಲು ಐದು ಸೆಕೆಂಡು ಎಂದರೆ ಕಿರಣವು ಗೇಟಿಗಿಂತ ಮೂರು ಮೀಟರು ಹಿಂದೆ ಇರಬೇಕು. ನಮ್ಮ ಸುತ್ತಿನ ಹಳಿಯ ಒಟ್ಟು ಉದ್ದವೇ ಐದೂವರೆ ಮೀಟರು! ಗಾಡಿಯು ಸುತ್ತುಹಾಕುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೇಟು ಬಿದ್ದೇ ಇರಬೇಕಾಯಿತು. ಮಾಣಿಯು ದಂಡವನ್ನು ಒಂದೇ ಸೆಕೆಂಡಿನಲ್ಲಿ ಬೀಳುವಂತೆ ಮಾಡಿ ಇದನ್ನು ಪರಿಹರಿಸಿದನು. ಕತ್ತಿಯ ಹಾಗೆ ಬೀಳುತ್ತಿತ್ತು.

ನಾಲ್ಕನೆಯ ದಿನ ನೆರೆಮನೆಯ ಚಿಕ್ಕವಳೊಬ್ಬಳು ತನ್ನ ಕೆಂಪು ಬಸ್ಸನ್ನು ತಂದು ರಸ್ತೆಯ ಮೇಲಿಟ್ಟಳು. ಬಸ್ಸಿನ ಮೂತಿ ಹಳಿಯ ಮೇಲೆ, ಬೆನ್ನು ಗೇಟಿನಡಿಯಲ್ಲಿ. ಗಾಡಿಯು ಬಂತು, ಕಿರಣವು ಕಡಿಯಿತು, ದಂಡವು ಬಿದ್ದು ಬಸ್ಸಿನ ನೆತ್ತಿಯ ಮೇಲೆ ನಿಂತಿತು. ಗಾಡಿಯು ತನ್ನ ಪಾಡಿಗೆ ಬಂದು ಬಸ್ಸನ್ನು ಹಲಗೆಯಿಂದ ಕೆಳಕ್ಕೆ ನೂಕಿತು. ಅದರ ಒಂದು ಗಾಲಿ ಕಳಚಿ ಹಳೆಯ ಪೆಟ್ಟಿಗೆಗಳ ಅಡಿಗೆ ಉರುಳಿತು. ಮಕ್ಕಳೆಲ್ಲ ನಕ್ಕರು. ನಮ್ಮ ಮಾಣಿಯು ಮೊದಲು ನಕ್ಕು ಆಮೇಲೆ ನಿಲ್ಲಿಸಿ, “ಅಜ್ಜ, ಗೇಟು ಸಿಕ್ಕಿಹಾಕಿಕೊಂಡದ್ದು ಇಂಜಿನಿಗೆ ಗೊತ್ತೇ ಆಗ್ಲಿಲ್ಲ” ಎಂದನು.

ಅವನಿಗೆ ಅಂದು ಹೇಳದ ಒಂದು ಸಂಗತಿಯನ್ನು ಇಲ್ಲಿ ದೊಡ್ಡವರಿಗಾಗಿ ಬರೆಯುತ್ತೇವೆ. 2018ನೆಯ ಇಸವಿ ಏಪ್ರಿಲ್ 26ರಂದು ಉತ್ತರಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಕಾವಲಿಲ್ಲದ ದಾಟಿನಲ್ಲಿ ಶಾಲೆಯ ವಾಹನಕ್ಕೆ ಗಾಡಿಯು ತಾಗಿ ಹದಿಮೂರು ಮಕ್ಕಳು ತೀರಿಕೊಂಡರು. 2019ರ ಜನವರಿ ಮುಗಿಯುವುದರೊಳಗೆ ದೇಶದ ಅಗಲ ಹಳಿಯ ಮೇಲಿನ ಕಾವಲಿಲ್ಲದ ದಾಟುಗಳನ್ನೆಲ್ಲ ತೆಗೆದುಹಾಕಿದರು. ಇನ್ನು ಭಯವಿಲ್ಲವೆಂದು ಲೋಕವು ಎಣಿಸಿತು. 2025ನೆಯ ಇಸವಿ ಜುಲೈ 8ರ ಬೆಳಿಗ್ಗೆ ತಮಿಳುನಾಡಿನ ಕಡಲೂರಿನ ಬಳಿ ಸೆಮ್ಮಂಕುಪ್ಪದಲ್ಲಿ ಮತ್ತೊಂದು ಶಾಲಾವಾಹನಕ್ಕೆ ಗಾಡಿಯು ತಾಗಿ ಮೂವರು ವಿದ್ಯಾರ್ಥಿಗಳು ಹೋದರು. ಅಲ್ಲಿ ಗೇಟಿತ್ತು, ಗೇಟಿಗೆ ಕಾವಲೂ ಇತ್ತು. ಇಲ್ಲದಿದ್ದುದು ಗೇಟಿಗೂ ಸಿಗ್ನಲಿಗೂ ನಡುವಿನ ಬಂಧ. ಗೇಟು ಹೇಗಿದೆಯೆಂಬುದು ಸಿಗ್ನಲಿಗೆ ತಿಳಿಯುವಂತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬೆಳಿಗ್ಗೆ ಹಾಜರಿ ಕರೆದ ಬಾಯಿ ನಮ್ಮದು. ಹೆಸರು ಕರೆದಾಗ ಉತ್ತರ ಬಾರದಿದ್ದರೆ ಜ್ವರವೋ ನೆಂಟರಮನೆಯೋ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ಮರುದಿನ ಆ ಶಾಲೆಯಲ್ಲಿ ಹಾಜರಿ ಕರೆದ ಉಪಾಧ್ಯಾಯರು ಏನು ಮಾಡಿದರೋ!

ಆ ಸಂಜೆ ಮಾಣಿಗೆ ನಾವು ಹೇಳಿದುದು ಇಷ್ಟೇ: ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧವಿಲ್ಲದಿದ್ದರೂ ಎರಡೂ ಒಟ್ಟಿಗೆ ಆಗಬಹುದು, ಅದಕ್ಕೆ ಕಾಕತಾಳೀಯವೆನ್ನುವರು. ನಿನ್ನ ಗೇಟೂ ಗಾಡಿಯೂ ಈಗ ಹಾಗಿವೆ. ಗೇಟು ಬೀಳದಿದ್ದರೆ ಗಾಡಿಗೆ ವಿದ್ಯುತ್ತೇ ಸಿಗದಂತೆ ಮಾಡಲಾದೀತೋ ನೋಡು. ಅವನು ತುಸು ಹೊತ್ತು ತಲೆಕೆರೆದು, “ಆಗ್ತದೆ” ಎಂದನು. ಹೀಗೆ ಎರಡನೆಯ ಗೇಟಿನ ಕೆಲಸ ಮೊದಲಾಯಿತು. ಕಾಗದ ಬರೆದ ಮಹಾಶಯರು ಇಲ್ಲಿಂದ ಮುಂದೆ ಗಮನವಿಟ್ಟು ಓದಬೇಕು.

ದಂಡದ ವಿಷಯ ಮೊದಲು. ಆರು ಮೀಟರು ಅಗಲದ ರಸ್ತೆಯು ನಮ್ಮ ಅಳತೆಗೆ ಏಳು ಸೆಂಟಿಮೀಟರು ಆಗುವುದು. ದಂಡವು ಒಂಬತ್ತು ಸೆಂಟಿಮೀಟರು ಇರಲಿ. ತೆಂಗಿನ ಹಿಡಿಸೂಡಿಯ ದಪ್ಪನಾದ ಕಡ್ಡಿಯು ಇದಕ್ಕೆ ಅತ್ಯುತ್ತಮ. ನೇರವಾಗಿರುವುದು, ಹಗುರ, ಬೆಲೆಯಿಲ್ಲ. ಆದರೆ ಹೊಸ ಹಿಡಿಸೂಡಿಯಿಂದ ಎಳೆಯಬಾರದು. ಎಳೆದವರಿಗೆ ಮನೆಯವರಿಂದ ದೊರೆಯುವ ಮರ್ಯಾದೆಯನ್ನು ಬರೆಯಲು ಇಲ್ಲಿ ಸ್ಥಳವಿಲ್ಲ. ಕಡ್ಡಿಯ ಬುಡದಿಂದ ಎರಡು ಸೆಂಟಿಮೀಟರು ಬಿಟ್ಟು ಗುಂಡುಸೂಜಿಯಿಂದ ಅಚ್ಚು ಚುಚ್ಚಿ ಕಂಬಕ್ಕೆ ಕೂರಿಸಬೇಕು. ಆ ಗಿಡ್ಡ ತುದಿಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು. ಹಿಂದೆ ತೋಟಗಳಲ್ಲಿ ನೀರೆತ್ತುತ್ತಿದ್ದ ಏತವನ್ನು ಬಲ್ಲವರಿಗೆ ಇದರ ಗುಟ್ಟು ಕೂಡಲೇ ಹೊಳೆಯುವುದು.

ಇಲ್ಲೊಂದು ಸೂಕ್ಷ್ಮವುಂಟು. ಸೀಸವು ಹೆಚ್ಚಾಗಿದ್ದರೆ ದಂಡವು ತಾನಾಗಿ ಏಳುವುದು. ಕಡಿಮೆಯಾಗಿದ್ದರೆ ತಾನಾಗಿ ಬೀಳುವುದು. ಬೀಳುವಂತೆಯೇ ಇರಬೇಕು. ನೂಲು ಹರಿದರೆ ಗೇಟು ಮುಚ್ಚಬೇಕು, ತೆರೆಯಬಾರದು. ಸೀಸವನ್ನು ಅರದಿಂದ ಉಜ್ಜುತ್ತ, ಬೇಕಾದರೆ ಉದ್ದ ತುದಿಗೆ ಬೆಸುಗೆಯ ತಂತಿಯನ್ನು ಎರಡು ಸುತ್ತು ಸುತ್ತುತ್ತ, ದಂಡವು ಬೈಸಾರಿ ದೀಪದ ಹೊತ್ತಿನ ಹಕ್ಕಿಯಂತೆ ಮೆಲ್ಲನೆ ಇಳಿಯುವವರೆಗೆ ಹದಮಾಡಬೇಕು. ನಮಗೆ ಒಂದು ಇಡೀ ಮಧ್ಯಾಹ್ನ ಇದಕ್ಕೇ ಹಿಡಿಯಿತು. ಇಡೀ ಕೆಲಸದಲ್ಲಿ ಅತ್ಯಂತ ಸುಖವಾದ ಮಧ್ಯಾಹ್ನವೂ ಅದೇ.

ಗಿಡ್ಡ ತುದಿಯಿಂದ ಒಂದು ತೆಳ್ಳಗಿನ ಉಕ್ಕಿನ ತಂತಿಯು ಹಲಗೆಯ ರಂಧ್ರದ ಮೂಲಕ ಕೆಳಗಿಳಿಯಬೇಕು. ಅದಕ್ಕೆ ಮೀನು ಹಿಡಿಯುವ ನೈಲಾನು ದಾರ, ದಾರವು ಎರಡು ಚಿಕ್ಕ ರಾಟೆಗಳ ಮೂಲಕ ಹಲಗೆಯ ಅಂಚಿನ ತಿರುಗಣೆಗೆ. ತಿರುಗಿಸಿ ಎಳೆದರೆ ಎರಡೂ ದಂಡಗಳು ಏಳುವುವು, ಬಿಟ್ಟರೆ ಬೀಳುವುವು. ತಂತಿಯ ಮೇಲೆ ಕಾಳಿನಷ್ಟಿರುವ ಅಯಸ್ಕಾಂತವನ್ನು ಅಂಟಿಸಿ, ದಂಡವು ಪೂರ್ತಿ ಬಿದ್ದಾಗ ಅದು ಎಲ್ಲಿಗೆ ಬರುವುದೋ ಅಲ್ಲಿ ಒಂದು ರೀಡ್ ಸ್ವಿಚ್ಚನ್ನು ಇಡಬೇಕು. ಕಳ್ಳರು ಬಾಗಿಲು ತೆರೆದರೆ ಗಂಟೆ ಹೊಡೆಯುವ ಯಂತ್ರದಲ್ಲಿರುವುದು ಇದೇ ಗಾಜಿನ ಕೊಳವೆ. ಅಯಸ್ಕಾಂತವು ಹತ್ತಿರ ಬಂದಾಗ ಒಳಗಿನ ಎರಡು ಎಸಳುಗಳು ಕೂಡುವುವು. ಎರಡು ದಂಡಗಳಿಗೆ ಎರಡು ಕೊಳವೆ, ಒಂದರ ಹಿಂದೆ ಒಂದರಂತೆ ಜೋಡಿಸಿದವು. ಒಂದೇ ತೋಡಿಗೆ ಎರಡು ಕಟ್ಟಗಳಿದ್ದರೆ ಎರಡನ್ನೂ ಬಿಡಿಸಿದ ಹೊರತು ನೀರು ಗದ್ದೆಗೆ ಮುಟ್ಟದಷ್ಟೆ.

ಈಗ ಹಳಿ. ಗೇಟಿಗೆ ಹಿಂದಿನ 60 ಸೆಂಟಿಮೀಟರಿನಲ್ಲಿ ಎರಡು ಹಳಿಗಳ ಪೈಕಿ ಒಂದನ್ನು ಎರಡೂ ಕೊನೆಗಳಲ್ಲಿ ಕತ್ತರಿಸಿ, ಲೋಹದ ಜೋಡಣೆಯ ಬದಲು ಪ್ಲಾಸ್ಟಿಕ್ಕಿನದನ್ನು ಹಾಕಿದರೆ ಆ ತುಂಡಿಗೆ ವಿದ್ಯುತ್ತು ಸಿಗದು. ಅದಕ್ಕೆ ವಿದ್ಯುತ್ತನ್ನು ಪ್ರತ್ಯೇಕವಾಗಿ ಒಂದು ರಿಲೇಯ ಮೂಲಕ ಕೊಡಬೇಕು. ರಿಲೇಯನ್ನು ಎಬ್ಬಿಸುವುದು ಆ ಎರಡು ಕೊಳವೆಗಳ ಸಾಲು. ರಿಲೇ ಎದ್ದಿದ್ದರೆ ಹಳಿಗೆ ಜೀವ, ಸಿಗ್ನಲಿಗೆ ಹಸಿರು. ರಿಲೇ ಮಲಗಿದ್ದರೆ ಹಳಿ ಮೃತ, ಸಿಗ್ನಲು ಕೆಂಪು. ತಂತಿ ಕಡಿದರೂ ಬೆಸುಗೆ ಬಿಟ್ಟರೂ ಇಲಿ ಕಚ್ಚಿದರೂ ಕೆಂಪೇ. ದೀಪಗಳಿಗೆ ಸಾಸಿವೆಯಂಥ ಎಲ್‌ಇಡಿಗಳು ಸಾಕು. ಒಂದೊಂದಕ್ಕೂ 1000 ಓಮಿನ ರೋಧಕವನ್ನು ಸೇರಿಸದಿದ್ದರೆ 12 ವೋಲ್ಟಿಗೆ ಕೂಡಲೇ ಸುಟ್ಟುಹೋಗುವುವು. ಸಿಗ್ನಲನ್ನು ಗೇಟಿನಿಂದ 15 ಸೆಂಟಿಮೀಟರು ಹಿಂದೆ ನಿಲ್ಲಿಸಬೇಕು; ಮೃತಭಾಗಕ್ಕೆ ಬಂದ ಇಂಜಿನು ಜಾರುತ್ತ ಬಂದರೂ ಅದಕ್ಕೆ ಮೊದಲೇ ನಿಲ್ಲುವಂತೆ ವೇಗವನ್ನು ಹಿಡಿಯಬೇಕು. ಗಾಡಿಯು ಒಂದೇ ದಿಕ್ಕಿಗೆ ಓಡುವುದಾದರೆ ಇಷ್ಟು ಸಾಕು. ಎರಡೂ ದಿಕ್ಕಿಗೆ ಓಡುವುದಾದರೆ ಗೇಟಿನ ಆಚೆಗೂ ಇದೇ ಏರ್ಪಾಡು.

ಬೀಗದಕೈ ಎಲ್ಲಿಯೆಂದು ವಾಚಕರು ಕೇಳಬಹುದು. ಆಟದ ಗೇಟಿಗೆ ಬೀಗ ಮಾಡುವುದು ಅಕ್ಕಸಾಲಿಗನ ಕೆಲಸ. ಅದರ ಬದಲಿಗೆ ತಿರುಗಣೆಯ ಹಿಡಿಯನ್ನೇ ನಾವು ಬೀಗದಕೈ ಮಾಡಿದೆವು. ಹಿಡಿಯು ಒಂದೇ, ಕಳಚಿ ತೆಗೆಯತಕ್ಕದ್ದು. ತೂತುಗಳು ಎರಡು. ಒಂದು ತಿರುಗಣೆಯದು, ಇನ್ನೊಂದರಲ್ಲಿ ಹಿಡಿಯನ್ನು ತೂರಿಸಿದರೆ ಒಳಗಿನ ಒಂದು ಸ್ವಿಚ್ಚು ಒತ್ತಲ್ಪಟ್ಟು ರಿಲೇಯ ಸಾಲು ಪೂರ್ತಿಯಾಗುವುದು. ಹಿಡಿಯು ತಿರುಗಣೆಯಲ್ಲಿರುವಾಗ ಗಾಡಿ ಹೊರಡದು; ಸಿಗ್ನಲಿನ ತೂತಿನಲ್ಲಿರುವಾಗ ಗೇಟು ಏಳದು. ಬಡಗಿಯಿಂದ ಒಂದು ಮರದ ತುಂಡನ್ನು ಕೊರೆಯಿಸಿಕೊಂಡರೆ ಮುಗಿಯಿತು. ಇದನ್ನು ಕಂಡು ಮಾಣಿಯ ಅಜ್ಜಿಯು, “ನಮ್ಮ ಪತ್ತಾಯಕ್ಕೂ ಹೀಗೆ ಒಂದು ಮಾಡಿಕೊಡಬಹುದಿತ್ತು, ನಲವತ್ತು ವರ್ಷ ಹಿಂದೆ” ಎಂದಳು.

ಕೆಂಪು ಬಸ್ಸಿಗೆ ಗಾಲಿಯನ್ನಂಟಿಸಿ ಚಿಕ್ಕವಳನ್ನು ಕರೆದು ಮತ್ತೆ ಅಲ್ಲಿಯೇ ಇರಿಸಿದೆವು. ದಂಡವು ಇಳಿದು ಅದರ ನೆತ್ತಿಯ ಮೇಲೆ ನಿಂತಿತು. ಮಾಣಿಯು ಹಿಡಿಯನ್ನು ಕಳಚಿ ಸಿಗ್ನಲಿಗೆ ತೂರಿಸಿದನು. ಸಿಗ್ನಲು ಕೆಂಪಾಗಿಯೇ ಇತ್ತು. ಗಾಡಿಯು ತಿರುವಿನಿಂದ ಬಂದು, ಮೃತಭಾಗಕ್ಕೆ ಇಳಿದು, ಒಂದು ಗೇಣು ಜಾರಿ ನಿಂತಿತು. ಈ ಸಲ ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಚಿಕ್ಕವಳು ಬಸ್ಸನ್ನು ತೆಗೆದುಕೊಂಡಳು; ದಂಡವು ಉಳಿದ ಅಂಗುಲವನ್ನು ಇಳಿದೊಡನೆ ಹಸಿರು ಹತ್ತಿ ಗಾಡಿಯು ತಾನಾಗಿ ಹೊರಟಿತು.

ಆದರೆ ಮಾಣಿಗೆ ತೃಪ್ತಿಯಿರಲಿಲ್ಲ. “ಅಜ್ಜ, ಇಂಜಿನು ದಾಟಿ ಡಬ್ಬಿಗಳು ಇನ್ನೂ ಗೇಟಿನಲ್ಲಿ ಇರುವಾಗ ನಾನು ಹಿಡಿಯನ್ನು ತೆಗೆದು ಗೇಟು ಎತ್ತಿದರೆ?” ಎಂದನು. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಪ್ರಶ್ನೆಯು ವರ್ಷಕ್ಕೊಮ್ಮೆ ಬರುವುದು. ನಿಜವಾದ ಗೇಟಿನಲ್ಲಿಯೂ ಗಾಡಿಯು ಹತ್ತಿರವಿರುವಾಗ ಬೀಗದಕೈ ಬಿಟ್ಟುಬರದಂತೆ ಹಿಡಿದಿಡುವ ಉಪಾಯಗಳನ್ನು ಮಾಡಿರುವರು. ಇಲ್ಲಿ ಅವನ ಮೊದಲನೆಯ ಗೇಟಿನ ಕಿರಣವೂ ಸರ್ವೊ ಮೋಟಾರೂ ಉಪಯೋಗಕ್ಕೆ ಬಂದವು. ಹಿಡಿಯನ್ನು ಸಿಗ್ನಲಿಗೆ ತೂರಿಸಿದೊಡನೆ ಮೋಟಾರು ಒಂದು ಮೊಳೆಯನ್ನು ನೂಕಿ ಅದನ್ನು ಅಗುಳಿ ಹಾಕಿದಂತೆ ಹಿಡಿಯುವುದು. ಗೇಟಿನ ಆಚೆಯ ಕಿರಣವನ್ನು ಗಾಡಿಯು ಕಡಿದು, ಮತ್ತೆ ಮೂರು ಸೆಕೆಂಡುಗಳ ಕಾಲ ಕಿರಣವು ಅಖಂಡವಾಗಿ ನಿಂತಮೇಲೆ ಮಾತ್ರ ಮೊಳೆ ಹಿಂದೆ ಸರಿಯುವುದು. ಕಿರಣವನ್ನು ಹಳಿಗೆ ನೇರ ಅಡ್ಡವಾಗಿ ಇಡದೆ ಓರೆಯಾಗಿ ಇಡಬೇಕು. ನೇರವಾಗಿಟ್ಟರೆ ಎರಡು ಡಬ್ಬಿಗಳ ನಡುವಿನ ಸಂದಿನಲ್ಲಿ ತೂರಿ ಗಾಡಿ ಮುಗಿಯಿತೆಂಬ ಭ್ರಮೆಯನ್ನು ಹುಟ್ಟಿಸುವುದು. ಗಾಡಿಯೇ ಬಾರದೆ ಹಿಡಿಯು ಸಿಕ್ಕಿಕೊಂಡರೆ ಬಿಡಿಸಲು ಹಲಗೆಯ ಅಡಿಯಲ್ಲಿ ಒಂದು ಗುಂಡಿಯುಂಟು. ಅದು ಎಲ್ಲಿದೆಯೆಂದು ನೆರೆಮನೆಯ ಮಕ್ಕಳಿಗೆ ತಿಳಿಸಿಲ್ಲ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಮ್ಮ ಕಡೆ ದಂಡಕ್ಕೆ ಹಳದಿ ಕಪ್ಪು ಪಟ್ಟೆಗಳನ್ನೂ ನಡುವೆ ಕೆಂಪು ತಟ್ಟೆಯನ್ನೂ ಕಾಣುವುದುಂಟು. ತಟ್ಟೆಯನ್ನು ಔಷಧದ ಗುಳಿಗೆಯ ಹಿಂಭಾಗದ ತಗಡಿನಿಂದ ಕತ್ತರಿಸಬಹುದು. ಗೇಟಿನವನ ಕೊಠಡಿ, ಎದುರಿಗೊಂದು ನೀರಿನ ಕೊಡ, ಒಂದು ಪಪ್ಪಾಯಿ ಗಿಡ ಇವುಗಳನ್ನು ಮಕ್ಕಳೇ ಮಾಡಲಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಯಂತ್ರಗಳಿಗೆ ಶತ್ರುವೆಂದರೆ ತೇವ. ಆಷಾಢಕ್ಕೆ ಮೊದಲೇ ಹಳಿಗಳನ್ನು ಒಣಬಟ್ಟೆಯಿಂದ ಒರೆಸಿ, ತಿರುಗಣೆಯ ಅಚ್ಚಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಒಂದೇ ತೊಟ್ಟು ಬಿಟ್ಟು, ಇಡೀ ಹಲಗೆಗೆ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಬೇಕು. ತೆಂಗಿನೆಣ್ಣೆಯನ್ನು ಹಾಕಬಾರದು, ಅದು ಅಂಟಾಗಿ ದಂಡವು ಅರ್ಧದಲ್ಲಿಯೇ ನಿಲ್ಲುವುದು. ರಿಲೇ, ಕೊಳವೆಗಳ ಜೋಡಣೆಯ ನಕ್ಷೆಯು ಬೇಕಾದವರು ಸ್ವವಿಳಾಸ ಬರೆದ ಲಕೋಟೆಯನ್ನು ಕಳುಹಿದರೆ ಮಾಣಿಯು ಬರೆದ ಚಿತ್ರದ ಪ್ರತಿಯನ್ನು ಕಳುಹಿಸಿಕೊಡುವೆವು. ಮುಂದಿನ ತಿಂಗಳು ಹಳೆಯ ಗೋಡೆಗಡಿಯಾರದ ಲೋಲಕವನ್ನು ಸರಿಪಡಿಸುವ ವಿಷಯ.